ಹಳದಿ ಚೀಲ ಕೊನೆಗೆ

ಮೂರು ಆಸ್ಪತ್ರೆಗಳ ಕೊಳೆಬಟ್ಟೆ ಬಂದು ಬೀಳುವ ಆ ಲಾಂಡ್ರಿಯಲ್ಲಿ, ಅಕ್ಕತಂಗಿಯರಿಬ್ಬರಲ್ಲಿ ತಂಗಿಗೆ ಹದಿನಾರು ವರ್ಷದ ಸರ್ವಿಸ್ಸು. ಹದಿನಾರು ವರ್ಷ ಡಾಕ್ಟರುಗಳ ನಿಲುವಂಗಿ ಒಗೆದವಳಿಗೆ ಅರ್ಧ ಡಾಕ್ಟರಿಕೆ ಬಂದುಬಿಟ್ಟಿದೆ ಎಂದು ಓಣಿಯವರು ನಂಬಿದ್ದರು. ಮುಕ್ಕಾಲು ಬಂದಿದೆ ಎಂದು ಅವಳು ನಂಬಿದ್ದಳು. ಯಾರಿಗೆ ಜ್ವರ ಬಂದರೂ, ಯಾರ ಮಗುವಿನ ಕಿವಿ ಸೋರಿದರೂ ಮೊದಲು ಇವಳ ಬಾಗಿಲು ತಟ್ಟುತ್ತಿದ್ದರು. ಬೆನ್ನ ಹಿಂದೆ ‘ಲಾಂಡ್ರಿ ಡಾಕ್ಟ್ರು’ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಸಿಟ್ಟು ಬರುವ ಬದಲು ಒಳಗೊಳಗೇ ಹಿಗ್ಗಿದ್ದಳು. ಇದೊಂದರಲ್ಲೇ ಅವಳನ್ನು ಅರ್ಧ ಅರ್ಥ ಮಾಡಿಕೊಳ್ಳಬಹುದು.

ಲಾಂಡ್ರಿಗೆ ಅದರದೇ ಒಂದು ಕಟ್ಟಳೆ ಇತ್ತು. ಆಪರೇಷನ್ ಕೋಣೆಯ ಹಸಿರು ಬಟ್ಟೆ ಬಿಳಿ ಚೀಲದಲ್ಲಿ ಬರುತ್ತಿತ್ತು. ರಕ್ತದಲ್ಲಿ ಸೋಂಕು ಇರುವವರ ಬಟ್ಟೆಗೆ ಹಳದಿ ಚೀಲ. ಅದು ಬೆಳಗಿನ ಗಾಡಿಯಲ್ಲೇ ಬಂದಿಳಿದರೂ ಸಂಜೆ ನಾಲ್ಕರವರೆಗೆ ಮೂಲೆ ಹಿಡಿದು ಕೂರಬೇಕು. ಉಳಿದದ್ದೆಲ್ಲ ಒಗೆದಾದ ಮೇಲೆ ಅದಕ್ಕೆ ಒಗೆಯುವ ಡ್ರಮ್ಮು, ಆಮೇಲೆ ಬ್ಲೀಚು ಹಾಕಿ ಖಾಲಿ ಡ್ರಮ್ಮನ್ನು ಒಂದು ಸುತ್ತು ತಿರುಗಿಸಿ ಮನೆಗೆ. ಮೇಸ್ತ್ರಿ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿಟ್ಟಿದ್ದ: ಹಳದಿ ಚೀಲ ಕೊನೆಗೆ.

ಆಸ್ಪತ್ರೆಗಳಲ್ಲಿ ಮನುಷ್ಯರಿಗೂ ಅದೇ ಕಟ್ಟಳೆ ಎಂಬುದು ತಂಗಿಗೆ ಅಕ್ಕನಿಂದ ಗೊತ್ತಾಯಿತು.

ಅಕ್ಕ ಶಾಲೆಮಕ್ಕಳ ಸಮವಸ್ತ್ರ ಹೊಲಿಯುವವಳು. ಆರು ವರ್ಷದ ಕೆಳಗೆ ಯಾರಿಗೋ ರಕ್ತ ಕೊಡಲು ಹೋದಾಗ, ಅವಳ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ವೈರಸ್ಸು ಇದೆಯೆಂದು ಹೇಳಿ ಕಳಿಸಿದ್ದರು. ಯಾವಾಗ ಬಂತೋ, ಎಲ್ಲಿಂದ ಬಂತೋ, ಬಹುಶಃ ಹುಟ್ಟಿನಿಂದಲೇ ಇತ್ತೋ ಏನೋ. ಅವಳಿಗೆ ಒಂದು ದಿನ ತಲೆನೋವೂ ಬಂದಿರಲಿಲ್ಲ. ಗಂಡ ಮಾತ್ರ ಸುದ್ದಿ ಕೇಳಿದ ವಾರದಲ್ಲೇ ತನ್ನ ತಟ್ಟೆಲೋಟ ಬೇರೆ ಇಟ್ಟುಕೊಂಡ, ತಿಂಗಳಲ್ಲಿ ತನ್ನನ್ನೇ ಬೇರೆ ಇಟ್ಟುಕೊಂಡ. ಅಕ್ಕ ಹೊಲಿಗೆ ಮೆಷಿನ್ನನ್ನು ಹೊರಿಸಿಕೊಂಡು ತಂಗಿಯ ಮನೆಗೆ ಬಂದಳು. ತಂಗಿ ಮದುವೆಯಾದವಳಲ್ಲ. ಅಂದಿನಿಂದ ಇಬ್ಬರೇ.

ಲಿವರ್ ನೋಡುವ ಡಾಕ್ಟರು ಅಕ್ಕನಿಗೆ ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. “ಇದು ನಿಮ್ಮ ಲಿವರ್‌ಗೆ ಕಾವಲು ಇದ್ದಂಗೆ. ನನ್ನ ಕೇಳ್ದೆ ಒಂದು ದಿನಾನೂ ಬಿಡ್ಬೇಡಿ,” ಎಂದಿದ್ದರು. ಅಕ್ಕ ಮಾತ್ರೆಯನ್ನು ಮೆಷಿನ್ನಿನ ಡ್ರಾಯರಿನಲ್ಲಿ ಬಾಬಿನ್ನುಗಳ ಜೊತೆ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಮೊದಲ ದಾರ ಪೋಣಿಸುವ ಮುಂಚೆ ಮಾತ್ರೆ, ಆಮೇಲೆ ಕೆಲಸ. ಆರು ವರ್ಷದಲ್ಲಿ ಒಂದು ದಿನ ತಪ್ಪಿಸಿದವಳಲ್ಲ.

ಆರನೆಯ ವರ್ಷ ಅವಳ ಪಿತ್ತಕೋಶದಲ್ಲಿ ಕಲ್ಲು ಕಂಡವು. ನೋವು ಬಂದರೆ ಹೊಲಿಯುತ್ತಿದ್ದವಳು ಹಾಗೇ ಮೆಷಿನ್ನಿನ ಮೇಲೆ ಬೋರಲು ಬೀಳುತ್ತಿದ್ದಳು. ಪಿತ್ತಕೋಶ ತೆಗೆಯಬೇಕು, ಸಣ್ಣ ಆಪರೇಷನ್ನು, ಎರಡೇ ದಿನ ಎಂದರು. ದಿನ ಗೊತ್ತುಮಾಡಿದರು. ಫೈಲಿನ ಮೇಲೆ ಹಳದಿ ಚೀಟಿ ಅಂಟಿಸಿದರು.

ಹಳದಿ ಚೀಟಿ ಅಂಟಿದ ಮೇಲೆ ಅಕ್ಕ ಆ ದಿನದ ಪಟ್ಟಿಯಲ್ಲಿ ಕೊನೆಯವಳು. ಅವಳ ಆಪರೇಷನ್ ಆದ ಮೇಲೆ ಕೋಣೆಯನ್ನು ಮೂಲೆಮೂಲೆ ತೊಳೆಯಬೇಕಂತೆ, ಅದಕ್ಕೆ. ಅಲ್ಲಿನ ಹಿರಿಯ ನರ್ಸಮ್ಮನಿಗೆ ಎಲ್ಲರೂ ‘ಗಡಿಯಾರ’ ಎಂದು ಹೆಸರಿಟ್ಟಿದ್ದರು. ನಾಲ್ಕು ಹೊಡೆದ ಮೇಲೆ ಸಾಕ್ಷಾತ್ ದೇವರೇ ಬಂದು ಮಲಗಿದರೂ ಆಕೆ ಹೊಸ ಕೇಸು ಒಳಗೆ ಬಿಡುವವಳಲ್ಲ. ಮೊದಲ ಸಲ ಅಕ್ಕ ಬೆಳಗಿನಿಂದ ತೊಟ್ಟು ನೀರಿಲ್ಲದೆ ಕೂತಳು. ನಾಲ್ಕಕ್ಕೆ ಗಡಿಯಾರ ಬಂದು, “ಇವತ್ತಾಗಲ್ಲ, ಬರೋ ಸೋಮವಾರ ಬನ್ನಿ,” ಎಂದಳು. ಎರಡನೆಯ ಸಲವೂ ಅದೇ ಪಾಠ. ಮೂರನೆಯ ಸಲ ಅಕ್ಕನಿಗೆ ಕೂತಲ್ಲೇ ನೋವು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಹಿಡಿದುಕೊಳ್ಳಲು ಕೈ ಚಾಚಿದಳು, ಫೈಲಿನ ಚೀಟಿ ಕಂಡಳು, ಕೈ ಹಿಂದಕ್ಕೆ ಎಳೆದುಕೊಂಡು ಕುರ್ಚಿಯನ್ನೂ ಎರಡು ಅಡಿ ಆಚೆ ಎಳೆದಳು. ಆ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಿಗೆ ಇಡೀ ಸಾಲು ಇತ್ತ ತಿರುಗಿತು.

ಅವತ್ತು ನಾಲ್ಕಕ್ಕೆ ಗಡಿಯಾರ ಬಾಯಿ ತೆರೆಯುವ ಮುಂಚೆಯೇ ಅಕ್ಕ ಎದ್ದು ಚಪ್ಪಲಿ ಹಾಕಿಕೊಂಡಿದ್ದಳು.

“ನಾನೇನು ಕೊಳೆಬಟ್ಟೇನೇನೆ?” ಎಂದಳು ಮನೆಗೆ ಬಂದು. ಅಳಲಿಲ್ಲ. ಅತ್ತಿದ್ದರೆ ತಂಗಿ ಸಮಾಧಾನ ಮಾಡಿ ಸುಮ್ಮನಾಗುತ್ತಿದ್ದಳೇನೋ. ಅಳದೆ ಕೇಳಿದ್ದು ಅವಳ ಕರುಳಿಗೇ ನಾಟಿತು.

“ಇನ್ನು ಆ ಕಡೆ ತಲೆ ಹಾಕಿ ಮಲಗೋದೂ ಬೇಡ. ಎಲ್ಲಾ ನನಗೆ ಬಿಡು,” ಎಂದಳು.

ಈ ಒಂದು ಮಾತು ಆಡದೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಲಾಂಡ್ರಿಗೆ ಬಟ್ಟೆ ಕಳಿಸುವ ಇನ್ನೊಂದು ಆಸ್ಪತ್ರೆ ಊರಿನ ಆಚೆ ತುದಿಯಲ್ಲಿತ್ತು. ಅಲ್ಲಿ ಅಕ್ಕನ ಮುಖ ಯಾರಿಗೂ ಗೊತ್ತಿಲ್ಲ. ಆದರೆ ಅಲ್ಲಿಂದಲೂ ಹಳದಿ ಚೀಲ ಬರುತ್ತಿತ್ತಲ್ಲ, ಅಂದಮೇಲೆ ಅಲ್ಲಿಯೂ ಹಳದಿ ಚೀಟಿ, ಅಲ್ಲಿಯೂ ಕೊನೆಯ ಸರದಿ, ಅಲ್ಲಿಯೂ ಒಬ್ಬಳು ಗಡಿಯಾರ. ಇದು ತಂಗಿಯ ಲೆಕ್ಕಾಚಾರ. ಆ ಆಸ್ಪತ್ರೆಯ ಹಳದಿ ಚೀಲ ಈಚೆಗೆ ಒಮ್ಮೊಮ್ಮೆ ಬೆಳಗಿನ ಹನ್ನೊಂದರ ಗಾಡಿಯಲ್ಲೇ ಬಂದುಬಿಡುತ್ತಿತ್ತು. ಅದನ್ನು ಅವಳು ಗಮನಿಸಿಯೂ ಇದ್ದಳು. ನಿನ್ನೆಯದು ಉಳಿದದ್ದು ಇವತ್ತು ಕಳಿಸಿದ್ದಾರೆ, ಸೋಮಾರಿಗಳು, ಎಂದುಕೊಂಡು ಮೂಲೆಗೆ ಎಸೆದಿದ್ದಳು.

ಅಲ್ಲಿಗೆ ಹೋಗಿ ಅಕ್ಕನ ಹೆಸರು ಬರೆಸಿದಳು. ಸಾಲು ಉದ್ದವಿತ್ತು. ಮೂರು ತಿಂಗಳ ಆಚೆಯ ದಿನ ಕೊಟ್ಟು, ತುಂಬಿಕೊಂಡು ಬರಲು ಒಂದು ಕಾಗದ ಕೊಟ್ಟರು. ಎಂದಾದರೂ ಕಾಮಾಲೆ ಆಗಿತ್ತೇ? ಹಲ್ಲು ಕಟ್ಟಿಸಿದ್ದೀರಾ? ಕಳೆದ ಮೂರು ತಿಂಗಳಲ್ಲಿ ಯಾವ ಯಾವ ಮಾತ್ರೆ ಸೇವಿಸಿದ್ದೀರಿ?

ತಂಗಿ ಮೂರನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು ಕೂತಳು. ಅಕ್ಕನದೊಂದು ದೊಡ್ಡ ಕಾಯಿಲೆ ವೈರಸ್ಸಿಗಿಂತ ಹಳೆಯದು: ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಲು ಹೊರಟರೆ ಕಿವಿಯವರೆಗೆ ಕೆಂಪಾಗಿ, ಅರ್ಧದಲ್ಲೇ ನಿಂತು, ಕೇಳದೆ ಇದ್ದದ್ದನ್ನೂ ಹೇಳಿಬಿಡುತ್ತಿದ್ದಳು. ಇಂಥವಳನ್ನು ಕಟ್ಟಿಕೊಂಡು ಏನು ಮಾಡುವುದು? ತಂಗಿ ಉಪಾಯ ಕಂಡುಹಿಡಿದಳು. ಅಕ್ಕ ಸುಳ್ಳು ಹೇಳುವುದೇ ಬೇಡ, ಅವಳು ಹೇಳುವುದೆಲ್ಲ ನಿಜವೇ ಆಗುವ ಹಾಗೆ ಮಾಡಿದರಾಯಿತು.

“ಇವತ್ತಿಂದ ಮಾತ್ರೆ ಬೇಡ,” ಎಂದಳು. “ಮೂರು ತಿಂಗಳು ಬಿಟ್ರೆ, ‘ಯಾವ ಮಾತ್ರೇನೂ ತಗೊಂಡಿಲ್ಲ’ ಅಂತ ನೀನು ಧೈರ್ಯವಾಗಿ ಹೇಳ್ಬಹುದು. ಕಾಮಾಲೆ ನಿನಗೆ ಯಾವತ್ತೂ ಆಗೇ ಇಲ್ಲ. ಅದೂ ನಿಜ.”

“ರಕ್ತ ಪರೀಕ್ಷೆ ಮಾಡಲ್ವೇನೆ?”

“ರಕ್ತ ನನ್ನದು. ನಂದೂ ನಿಂದೂ ಒಂದೇ ಗುಂಪು. ಕಿಟಕೀಲಿ ಚೀಟಿ ನೋಡ್ತಾರೆ, ಮುಖ ಯಾರು ನೋಡ್ತಾರೆ?”

“ಆ ಡಾಕ್ಟ್ರು ಒಂದಿನಾನೂ ಬಿಡ್ಬೇಡಿ ಅಂದಿದ್ರು ಕಣೆ.”

“ಅವರು ಹಾಗೇ ಹೇಳೋದು. ಆರು ವರ್ಷ ನುಂಗಿದ್ದೀಯ, ಹೊಟ್ಟೇಲಿ ಇನ್ನೂ ಆರು ತಿಂಗಳಿಗಾಗೋವಷ್ಟು ಕೂತಿರುತ್ತೆ. ಆಪರೇಷನ್ ಆದ ಮಾರನೇ ದಿನಾನೇ ಶುರು ಮಾಡು, ಯಾರು ಬೇಡ ಅಂತಾರೆ?”

ಹದಿನಾರು ವರ್ಷದ ಸರ್ವಿಸ್ಸಿನವಳು ಹೇಳಿದ ಮೇಲೆ ಮುಗಿಯಿತು. ಅಕ್ಕ ಡ್ರಾಯರಿನಿಂದ ಮಾತ್ರೆಯ ಡಬ್ಬಿ ತೆಗೆದುಕೊಟ್ಟಳು. ತಂಗಿ ಅದನ್ನು ಕಪಾಟಿನ ಮೇಲುಗಡೆ ಕಂಬಳಿಯ ಹಿಂದೆ ಇಟ್ಟಳು.

ಎರಡು ತಿಂಗಳು ಏನೂ ಆಗಲಿಲ್ಲ. ತಂಗಿ ದಿನವೂ ಅಕ್ಕನ ಮುಖ ನೋಡಿ, ಡಾಕ್ಟರುಗಳೆಲ್ಲ ಸುಮ್ಮನೆ ಹೆದರಿಸುವವರು ಎಂದು ಮನಸ್ಸಿನಲ್ಲೇ ಷರಾ ಬರೆದಳು. ಮೂರನೆಯ ತಿಂಗಳಲ್ಲಿ ಅಕ್ಕನಿಗೆ ಊಟ ಸೇರದಾಯಿತು. ದಿನಕ್ಕೆ ಎಂಟು ಅಂಗಿ ಹೊಲಿಯುತ್ತಿದ್ದವಳು ಎರಡಕ್ಕೇ ಕೈ ಚೆಲ್ಲಿ ಗೋಡೆಗೆ ಒರಗುತ್ತಿದ್ದಳು. ಬೆಳಿಗ್ಗೆ ಎದ್ದರೆ ವಾಕರಿಕೆ.

“ಹಳೇ ಡಾಕ್ಟ್ರ ಹತ್ರ ಒಂದ್ಸಲ ಹೋಗ್ಬರ್ಲೇನೆ?” ಎಂದು ಕೇಳಿದಳು ಒಂದು ದಿನ, ಅಪ್ಪಣೆ ಕೇಳುವ ಮಗುವಿನ ಹಾಗೆ.

“ಕಲ್ಲು ಇರೋವಾಗ ವಾಂತಿ ಬರದೆ ಇನ್ನೇನು ಬರುತ್ತೆ? ಕಲ್ಲು ಹೋದ್ರೆ ಎಲ್ಲಾ ಹೋಗುತ್ತೆ. ಇನ್ನು ಎರಡು ವಾರ ಹಲ್ಲು ಕಚ್ಚಿಕೊಂಡಿರು.”

ಅಕ್ಕ ಹಲ್ಲು ಕಚ್ಚಿಕೊಂಡಳು. ಅದು ಅವಳಿಗೆ ಬರುತ್ತಿದ್ದ ಕೆಲಸ.

ಆಪರೇಷನ್ನಿಗೆ ಎಂಟು ದಿನ ಮುಂಚೆ ತಂಗಿ ಅಕ್ಕನ ಚೀಟಿ ಹಿಡಿದು ರಕ್ತದ ಕಿಟಕಿಯ ಮುಂದೆ ನಿಂತಳು. ಬಿಸಿನೀರು, ಸೋಡಾ, ಒದ್ದೆ ಬಟ್ಟೆಯ ಭಾರ ಎತ್ತಿ ಎತ್ತಿ ಅವಳ ತೋಳು ಒನಕೆಯ ಹಾಗಾಗಿತ್ತು, ನರ ಸಿಗುತ್ತಿರಲಿಲ್ಲ. ರಕ್ತ ತೆಗೆಯುವವನು ಮೂರು ಕಡೆ ಚುಚ್ಚಿ, ಒಳಗೇ ಸೂಜಿ ತಿರುಗಿಸಿದ. ತೋಳು ನೀಲಿಗಟ್ಟಿತು. ಅವಳು ತೋಳನ್ನು ಇನ್ನಷ್ಟು ಮುಂದೆ ಚಾಚಿದಳು. ಅಕ್ಕನಿಗಾಗಿ ಚುಚ್ಚಿಸಿಕೊಳ್ಳುತ್ತಿದ್ದೇನೆ ಎಂಬ ಹೆಮ್ಮೆ ಬೇರೆ.

ರಿಪೋರ್ಟು ಬಂತು. ವೈರಸ್ಸು ಇಲ್ಲ. ಲಿವರ್ ಬೆಣ್ಣೆಯಂತಿದೆ. ಇರದೆ ಏನು, ತಂಗಿಗೆ ಕಲ್ಲು ತಿಂದರೂ ಕರಗಿಸುವ ಆರೋಗ್ಯ. ಫೈಲಿನ ಮೇಲೆ ಯಾವ ಚೀಟಿಯೂ ಅಂಟಲಿಲ್ಲ, ಪಟ್ಟಿಯಲ್ಲಿ ಅಕ್ಕನ ಹೆಸರು ಮೊದಲನೆಯದಾಗಿ ಬಂತು.

ಹಿಂದಿನ ದಿನ ಮಧ್ಯಾಹ್ನ ವಾರ್ಡಿಗೆ ಅರಿವಳಿಕೆಯ ಡಾಕ್ಟರು ಬಂದರು. ‘ನಿದ್ದೆ ಡಾಕ್ಟ್ರು’ ಎಂದು ಆಯಾಗಳೆಲ್ಲ ಕರೆಯುತ್ತಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಒಂದೇ ಪ್ರಶ್ನೆಯನ್ನು ಮೂರು ಮೂರು ಸಲ ಕೇಳುವುದು ಅವರ ಚಾಳಿ. ಮಂಪರಿನ ಮದ್ದು ಕೊಡುವುದಕ್ಕೆ ಮುಂಚೆ ಇವರ ಪ್ರಶ್ನೆಗೇ ರೋಗಿಗಳು ಮಲಗಿಬಿಡುತ್ತಾರೆ ಎಂದು ನರ್ಸುಗಳು ಆಡಿಕೊಳ್ಳುತ್ತಿದ್ದರು.

“ಯಾವುದಾದ್ರೂ ಮಾತ್ರೆ ತಗೋತೀರೇನಮ್ಮ?”

“ಇಲ್ಲ ಡಾಕ್ಟ್ರೇ. ಮೂರು ತಿಂಗಳಿಂದ ಯಾವ ಮಾತ್ರೇನೂ ತಗೊಂಡಿಲ್ಲ,” ಎಂದಳು ಅಕ್ಕ. ಕಿವಿ ಕೆಂಪಾಗಲಿಲ್ಲ. ತಂಗಿ ಉಸಿರು ಬಿಟ್ಟಳು.

“ಕಾಮಾಲೆ ಆಗಿತ್ತಾ?”

“ಇಲ್ಲ.”

ಅವರು ಅಕ್ಕನ ಕೆಳರೆಪ್ಪೆ ಎಳೆದು ನೋಡಿದರು. ಕಿಟಕಿಯ ಕಡೆ ತಿರುಗಿಸಿ ಇನ್ನೊಮ್ಮೆ ನೋಡಿದರು. ಫೈಲು ತೆರೆದು ರಿಪೋರ್ಟು ಓದಿದರು. ಮತ್ತೆ ಕಣ್ಣು ನೋಡಿದರು.

“ಊಟ ಸೇರುತ್ತಾ?”

“ಕಲ್ಲಿದೆಯಲ್ಲ ಡಾಕ್ಟ್ರೇ, ಹೇಗೆ ಸೇರುತ್ತೆ?” ಎಂದು ತಂಗಿ ನಡುವೆ ಬಾಯಿ ಹಾಕಿದಳು.

“ಕಾಗದ ಚೆನ್ನಾಗಿದೆ. ಆದ್ರೂ ಯಾಕೋ ಇನ್ನೊಂದ್ಸಲ ರಕ್ತ ನೋಡಿಬಿಡೋಣ ಅನ್ನಿಸ್ತಿದೆ. ಲಿವರ್ ಕೆರಳಿರೋವಾಗ ನಿದ್ದೆ ಕೊಟ್ರೆ, ಆಪರೇಷನ್ ಮಾಡಿದ್ರೆ, ಅದು ತಡ್ಕೊಳಲ್ಲಮ್ಮ. ಹಚ್ಚಿದ ಒಲೆಗೆ ಇನ್ನಷ್ಟು ಸೌದೆ ತುರುಕಿದ ಹಾಗೆ. ಏನಿಲ್ಲ, ಎರಡು ದಿನ ಮುಂದಕ್ಕೆ ಹಾಕೋಣ, ಅಷ್ಟೆ.”

ಮುಂದಕ್ಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಂಗಿಗೆ ಪಿತ್ತ ನೆತ್ತಿಗೇರಿತು. ಏಳು ದಿನದ ಹಿಂದೆ ತಾನೇ ಪರೀಕ್ಷೆ ಮಾಡಿದ್ದೀರಿ, ನಿಮ್ಮ ಕಾಗದವನ್ನೇ ನೀವು ನಂಬಲ್ವಾ, ಬಡವರು ಅಂದ್ರೆ ಅಲೆದಾಡಿಸೋದೇ ನಿಮ್ಮ ಕೆಲಸವಾ ಎಂದು ಇಡೀ ವಾರ್ಡು ಎದ್ದು ಕೂರುವ ಹಾಗೆ ರಂಪ ಮಾಡಿದಳು. ಎದುರು ಮಂಚದವರು, ಪಕ್ಕದ ಮಂಚದವರು ‘ಹೌದೌದು’ ಎಂದು ದನಿಗೂಡಿಸಿದರು. ನರ್ಸು ಬಂದು ಡಾಕ್ಟರ ಕಿವಿಯಲ್ಲಿ ಏನೋ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಕಿಕೊಂಡರು. ರಿಪೋರ್ಟನ್ನು ಇನ್ನೊಂದು ಸಲ ಓದಿದರು.

“ಆಯ್ತಮ್ಮ,” ಎಂದು ಸಹಿ ಹಾಕಿದರು.

ಗೆದ್ದೆ ಎಂದುಕೊಂಡಳು ತಂಗಿ. ಬದುಕಿನಲ್ಲಿ ಅಷ್ಟು ಹಿಗ್ಗಿದ ದಿನ ಅವಳಿಗೆ ಇನ್ನೊಂದಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. “ನೋಡೇ, ಮೊದಲನೆಯವಳು ನಾನೇ!” ಎಂದು ಅಕ್ಕ ತಳ್ಳುಗಾಡಿಯ ಮೇಲೆ ಮಲಗಿಕೊಂಡೇ ನಕ್ಕಳು. ಒಂಬತ್ತೂವರೆಗೆ ಹೊರಗೆ ತಂದರು. ಸರ್ಜನ್ನರು ಆತುರದಲ್ಲಿ ಬಂದು, ಕಲ್ಲು ತುಂಬಾ ಇದ್ದವು, ಲಿವರ್ ಕೊಂಚ ಊದಿಕೊಂಡ ಹಾಗಿತ್ತು, ಕಲ್ಲಿನಿಂದಲೇ ಇರಬೇಕು ಎಂದು ಹೇಳಿ ಹೋದರು. ತಂಗಿ ತಲೆಯಾಡಿಸಿದಳು, ತಾನೂ ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರ ಮಾತಿಗೆ ತಲೆಯಾಡಿಸುವ ಹಾಗೆ.

ಎರಡನೆಯ ದಿನವೂ ಅಕ್ಕ ಎದ್ದು ಕೂರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಂಗಿ ಪರದೆ ಸರಿಸಿದಾಗ, ಬೆಳಕು ಬಿದ್ದ ಅಕ್ಕನ ಮುಖ ಹಳದಿಯಾಗಿತ್ತು. ಕಣ್ಣಿನ ಬಿಳಿ ಹಳದಿ. ಉಗುರು ಹಳದಿ. ತಂಗಿ ನರ್ಸನ್ನು ಕೂಗಿದಳು.

ಅಲ್ಲಿಂದ ಒಂದು ಗಳಿಗೆಯಲ್ಲಿ ಹತ್ತು ಜನ ಓಡಾಡಿದರು. ರಕ್ತ ತೆಗೆದರು. ಈ ಸಲ ಅಕ್ಕನ ತೋಳಿನಿಂದಲೇ. ಅವಳನ್ನು ಗಾಜಿನ ಬಾಗಿಲಿನ ತೀವ್ರ ನಿಗಾ ಕೋಣೆಗೆ ಸಾಗಿಸಿದರು. ಹತ್ತು ಗಂಟೆಯ ಹೊತ್ತಿಗೆ ನಿದ್ದೆ ಡಾಕ್ಟರು ಕಾರಿಡಾರಿನಲ್ಲಿ ತಂಗಿಯ ಮುಂದೆ ಬಂದು ನಿಂತರು. ಮುಖ ಬಿಳಿಚಿಕೊಂಡಿತ್ತು.

“ಲಿವರ್ ಕೆಲಸ ನಿಲ್ಲಿಸ್ತಾ ಇದೆಯಮ್ಮ. ರಕ್ತದಲ್ಲಿ ಲಿವರ್ ಲೆಕ್ಕ ನಲವತ್ತು ಇರಬೇಕಾದ್ದು ಮೂರು ಸಾವಿರ ತೋರಿಸ್ತಿದೆ. ಹತ್ತು ದಿನ ಹಿಂದೆ ಎಲ್ಲಾ ಸರಿಯಾಗಿತ್ತು, ಅಂದ್ರೆ ನಡುವೆ ಆಗಿದ್ದು ಒಂದೇ. ನಿದ್ದೆ ಬರಿಸೋಕೆ ನಾನು ಉಸಿರಲ್ಲಿ ಕೊಟ್ಟ ಗಾಳಿ ಮದ್ದು. ಎಲ್ಲೋ ಲಕ್ಷಕ್ಕೆ ಒಬ್ಬರಿಗೆ ಹೀಗಾಗುತ್ತೆ ಅಂತ ಓದಿದ್ದೆ. ಮೂವತ್ತು ವರ್ಷದಲ್ಲಿ ನೋಡಿರ್ಲಿಲ್ಲ.” ಅವರು ಕೈಯಲ್ಲಿದ್ದ ಫೈಲು ಮತ್ತೆ ತೆರೆದರು. “ಅದಕ್ಕೇ ಇನ್ನೊಂದ್ಸಲ ಕೇಳ್ತೀನಿ. ಯಾವುದಾದ್ರೂ ಮಾತ್ರೆ ತಗೋತಿದ್ರಾ? ಮುಂಚೆ ಏನಾದ್ರೂ ಕಾಯಿಲೆ ಇತ್ತಾ? ನೆನಪು ಮಾಡ್ಕೊಂಡು ಹೇಳಿ. ಅದರ ಮೇಲೆ ಮದ್ದು ನಿಂತಿದೆ.”

ಇಷ್ಟು ಸುಲಭವಾಗಿ ದಾರಿ ಬಿಟ್ಟುಕೊಟ್ಟ ಪ್ರಶ್ನೆ ಲೋಕದಲ್ಲಿ ಇನ್ನೊಂದಿರಲಾರದು. ಬಾಯಿ ತೆರೆದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ ಅಕ್ಕನ ಮಂಚಕ್ಕೆ ಹಳದಿ ಚೀಟಿ ಅಂಟಿಸುತ್ತಾರೆ, ಎಲ್ಲರ ಮದ್ದು ಮುಗಿದ ಮೇಲೆ ಅವಳ ಸರದಿ ಎನ್ನುತ್ತಾರೆ, ಮೋಸ ಮಾಡಿದಿರಿ ಎಂದು ಹೊರಗೇ ಹಾಕಿಯಾರು. ಇದು ಅವಳು ತನಗೆ ತಾನೇ ಹೇಳಿಕೊಂಡ ಕಾರಣ. ಒಳಗಿನ ಕಾರಣ ಇನ್ನೂ ಕೊಳಕು. ಎದುರಿಗಿದ್ದ ಮನುಷ್ಯ ತಪ್ಪನ್ನು ತಾನೇ ಹೊತ್ತುಕೊಂಡು ನಿಂತಿದ್ದ, ಅದನ್ನು ಅವನ ತಲೆಯ ಮೇಲೆಯೇ ಬಿಟ್ಟುಬಿಡುವುದು ಅವಳಿಗೆ ಎಷ್ಟೋ ಹಗುರವೆನಿಸಿತು.

“ಎಷ್ಟು ಸಲ ಕೇಳ್ತೀರಿ?” ಎಂದು ಅವರ ನಿಲುವಂಗಿಯ ಕೊರಳಪಟ್ಟಿಗೇ ಕೈ ಹಾಕಿದಳು. “ಇಲ್ಲ ಅಂದ್ರೆ ಇಲ್ಲ! ನಡ್ಕೊಂಡು ಬಂದ ಅಕ್ಕನ್ನ ಮಲಗಿಸಿಬಿಟ್ರಲ್ಲ! ನೀವೇ ಕೊಂದ್ರಿ!”

ಅವರು ಬಿಡಿಸಿಕೊಳ್ಳಲಿಲ್ಲ. ಆ ನಿಲುವಂಗಿಯ ಅಂಚಿನಲ್ಲಿ ಅವಳದೇ ಲಾಂಡ್ರಿಯ ಗುರುತಿನ ನೀಲಿ ಹೊಲಿಗೆ ಇತ್ತು. ವಾಚ್‌ಮನ್ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

“ಆದ್ರೂ ಎಲ್ಲಾ ವೈರಸ್ಸೂ ಇನ್ನೊಂದ್ಸಲ ನೋಡೋಕೆ ಕಳಿಸಿದ್ದೀನಿ,” ಎಂದರು ಡಾಕ್ಟರು, ಯಾರಿಗೆ ಎಂದಿಲ್ಲದೆ. “ಸಂಜೆ ಹೊತ್ತಿಗೆ ಬರುತ್ತೆ.” ಪಟ್ಟಿಯಲ್ಲಿ ಮುಂದಿನ ರೋಗಿ ಕಾಯುತ್ತಿದ್ದ. ಅವರು ಆಪರೇಷನ್ ಕೋಣೆಗೆ ಹೋದರು.

ಹನ್ನೊಂದಕ್ಕೆ ತಂಗಿಯನ್ನು ಗಾಜಿನ ಬಾಗಿಲಿನ ಒಳಗೆ ಐದು ನಿಮಿಷ ಬಿಟ್ಟರು. ಅಕ್ಕನಿಗೆ ಪೂರಾ ಎಚ್ಚರವಿರಲಿಲ್ಲ. ಲಿವರ್ ಸೋಸದ ವಿಷ ತಲೆಗೇರಿದೆ, ಏನೇನೋ ಬಡಬಡಿಸುತ್ತಾಳೆ ಎಂದಳು ನರ್ಸು. ಕೈಗಳು ಗಾಳಿಯಲ್ಲಿ ಬಟ್ಟೆ ಸರಿಸಿ ಸರಿಸಿ ಸೂಜಿಯ ಕೆಳಗೆ ಕೊಡುತ್ತಿದ್ದವು. ಬಾಯಿ ಮಾತ್ರ ಒಂದೇ ಮಾತು ಹೇಳುತ್ತಿತ್ತು.

“ಮಾತ್ರೆ ತಗೊಂಡಿಲ್ಲ. ಮೂರು ತಿಂಗಳಿಂದ ಮಾತ್ರೆ ತಗೊಂಡಿಲ್ಲ ಡಾಕ್ಟ್ರೇ.”

“ಬೆಳಗಿಂದ ಇದೇ,” ಎಂದಳು ನರ್ಸು ತಂಗಿಯ ಕಡೆ ತಿರುಗಿ. ಆಮೇಲೆ ಅಕ್ಕನ ಕಿವಿಯ ಹತ್ತಿರ ಬಾಗಿ, “ಇಂಜೆಕ್ಷನ್ ಕೊಟ್ಟಿದ್ದೀವಮ್ಮಾ, ಮಾತ್ರೆ ಬೇಡ ಈಗ. ಸುಮ್ನೆ ಮಲ್ಕೊಳ್ಳಿ,” ಎಂದಳು.

ಸುಳ್ಳು ಹೇಳಲು ಬಾರದ ಅಕ್ಕ, ಬುದ್ಧಿ ತಪ್ಪಿದ ಮೇಲೂ ನಿಜವನ್ನೇ ಹೇಳುತ್ತಿದ್ದಳು. ಅದರ ಅರ್ಥ ಗೊತ್ತಿದ್ದವಳು ಆ ಕೋಣೆಯಲ್ಲಿ ಒಬ್ಬಳೇ. ತಂಗಿ ಹೊರಗೆ ಓಡಿದಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ನಿದ್ದೆ ಡಾಕ್ಟರು ಬೇಕು ಎಂದಳು.

“ಏನು ವಿಷಯ?” ಎಂದಳು ಬಾಗಿಲಲ್ಲಿದ್ದ ನರ್ಸು. ಬೆಳಗಿನ ಗಲಾಟೆ ಆಕೆಯ ಕಿವಿಗೂ ಮುಟ್ಟಿತ್ತು.

ತಂಗಿ ಬಾಯಿ ತೆರೆದಳು. ಕಾರಿಡಾರಿನ ತುಂಬ ಜನ, ಬೆಳಿಗ್ಗೆ ಅವಳು ಕೊರಳಪಟ್ಟಿ ಹಿಡಿದಾಗ ‘ಸರಿಯಾಗಿ ಕೇಳಿದ್ಲು’ ಎಂದಿದ್ದ ಅದೇ ಜನ. “ಅವರ ಹತ್ರಾನೇ ಹೇಳ್ಬೇಕು,” ಎಂದಳು.

“ಹಾಗಾದ್ರೆ ಕೂತ್ಕೊಳ್ಳಿ. ಪಟ್ಟಿ ಮುಗೀಲಿ.”

ಕೂತಳು. ಹನ್ನೆರಡಾಯಿತು. ಒಂದಾಯಿತು. ತಳ್ಳುಗಾಡಿಗಳು ಒಳಗೆ ಹೋದವು, ಹೊರಗೆ ಬಂದವು. ಒಂದು ಚೀಟಿಯ ಮೇಲೆ ಗೀಚಿ ಕಳಿಸಬಹುದಿತ್ತು. ಯಾವ ಡಾಕ್ಟರಿಗಾದರೂ ಹೇಳಬಹುದಿತ್ತು. ಪ್ರತಿ ಸಲ ಬಾಗಿಲು ತೆರೆದಾಗಲೂ ಎದ್ದು ನಿಂತಳು, ಮುಚ್ಚಿದಾಗ ಕೂತಳು. ನಾಚಿಕೆ ಎಂಬುದು ಎಷ್ಟು ಭಾರದ ವಸ್ತುವೆಂದರೆ, ಅವಳು ದಿನವೂ ಎತ್ತುತ್ತಿದ್ದ ಒದ್ದೆ ಬಟ್ಟೆಯ ರಾಶಿ ಅದರ ಮುಂದೆ ಏನೂ ಅಲ್ಲ.

ನಾಲ್ಕು ಗಂಟೆಗೆ ನಿದ್ದೆ ಡಾಕ್ಟರು ಹೊರಗೆ ಬಂದರು. ಕೈಯಲ್ಲಿ ಎರಡು ಕಾಗದ ಇದ್ದವು. ಅವಳನ್ನು ಪಕ್ಕದ ಖಾಲಿ ಕೋಣೆಗೆ ಕರೆದು, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಅಕ್ಕನ ಹೆಸರಿತ್ತು.

“ಇದು ಇವತ್ತಿಂದು. ವೈರಸ್ಸು ಇದೆ. ಇವತ್ತು ನಿನ್ನೆ ಬಂದಿದ್ದಲ್ಲ, ವರ್ಷಗಟ್ಟಲೆ ಇದ್ದದ್ದು ಈಗ ಕೆರಳಿದೆ.” ಇನ್ನೊಂದು ಕಾಗದದ ಮೇಲೆ ಬೆರಳಿಟ್ಟರು. “ಇದು ಯಾರ ರಕ್ತ?”

ಅವರು ಎರಡನೆಯ ಸಲ ಕೇಳಬೇಕಾಗಲಿಲ್ಲ. ತಂಗಿ ತೋಳು ಮೇಲೆ ಸರಿಸಿ ಕೈ ಚಾಚಿದಳು. ಮೊಣಕೈಯ ಮಡಿಕೆಯಲ್ಲಿ ಅವತ್ತು ನೀಲಿಗಟ್ಟಿದ್ದ ಕಲೆ ಈಗ ಅಂಗೈಯಗಲ ಹರಡಿ ಹಳದಿಗೆ ತಿರುಗಿತ್ತು.

ಎಲ್ಲವನ್ನೂ ಹೇಳಿದಳು. ಮೂರು ಸೋಮವಾರ, ಕುರ್ಚಿ ಎಳೆದ ಹೆಂಗಸು, ಮಾತ್ರೆಯ ಡಬ್ಬಿ, ಕಂಬಳಿ. ಡಾಕ್ಟರು ಬೈದಿದ್ದರೆ ಅವಳಿಗೆ ಎಷ್ಟೋ ಉಪಕಾರವಾಗುತ್ತಿತ್ತು. ಅವರು ಬೈಯಲಿಲ್ಲ. ಫೋನೆತ್ತಿ ಒಳಗಿನವರಿಗೆ ಆ ಮಾತ್ರೆಯ ಹೆಸರು ಹೇಳಿ, ಮೂಗಿನ ಕೊಳವೆಯಲ್ಲಿ ಈಗಲೇ ಶುರು ಮಾಡಿ ಎಂದರು. ಫೋನಿಟ್ಟು ಬಹಳ ಹೊತ್ತು ಕನ್ನಡಕ ಒರೆಸಿದರು.

“ಬೆಳಿಗ್ಗೆ ಹತ್ತಕ್ಕೆ ಹೇಳಿದ್ರೆ ಹತ್ತಕ್ಕೇ ಕೊಡ್ತಿದ್ದೆ.”

“ಉಳೀತಿದ್ಲಾ?”

“ಗೊತ್ತಿಲ್ಲ.”

“ಹೇಳಿದ್ರೆ ನೀವು ಕೊನೆಗೆ ಹಾಕ್ತಿದ್ರಿ,” ಎಂದಳು ತಂಗಿ. ಮುಳುಗುವವಳು ಹಿಡಿಯಲು ಉಳಿದಿದ್ದ ಒಂದೇ ಕಡ್ಡಿ ಅದು. “ಹಳದಿ ಚೀಟಿ ಅಂಟಿಸಿ, ನಾಲ್ಕು ಗಂಟೆಗೆ ವಾಪಸ್ ಕಳಿಸ್ತಿದ್ರಿ. ನನಗೆ ಗೊತ್ತಿಲ್ವಾ?”

ಡಾಕ್ಟರು ತಲೆಯೆತ್ತಿ ಅವಳನ್ನು ನೋಡಿದರು.

“ನಮ್ಮಲ್ಲಿ ಆ ಪದ್ಧತಿ ಇಲ್ವಲ್ಲಮ್ಮ. ಎರಡು ವರ್ಷ ಆಯ್ತು ತೆಗೆದುಹಾಕಿ. ಯಾರ ರಕ್ತದಲ್ಲಿ ಏನಿದ್ರೂ ಕೋಣೆ ತೊಳೆಯೋದು ಒಂದೇ ಥರ, ಹಾಗಾಗಿ ಸರದಿ ಎಲ್ಲರಿಗೂ ಒಂದೇ. ಮೊನ್ನೆ ನಿಮ್ಮಕ್ಕನ ಹಿಂದೆ ಹೋದ ಎರಡನೆಯವರಿಗೂ ಇದೇ ವೈರಸ್ಸು. ಅವರು ಮಾತ್ರೆ ತಗೊಂಡೇ ಬಂದಿದ್ರು. ಲಿವರ್ ತಣ್ಣಗಿತ್ತು. ನಿನ್ನೆ ಮನೆಗೆ ಹೋದ್ರು.”

ತಂಗಿಗೆ ಹನ್ನೊಂದರ ಗಾಡಿಯಲ್ಲಿ ಬರುತ್ತಿದ್ದ, ಅಂದಂದಿನ ಬೆಳಗಿನವೇ ಆಗಿದ್ದ ಹಳದಿ ಚೀಲಗಳು ನೆನಪಾದವು. ಒಂದೊಂದನ್ನೂ ಅವಳೇ ಎತ್ತಿ ಮೂಲೆಗೆ ಎಸೆದಿದ್ದಳು.

ಅಕ್ಕ ಇನ್ನೂ ಎರಡು ದಿನ ಇದ್ದಳು. ಮೊದಲ ದಿನ ಬಡಬಡಿಕೆ ನಿಂತಿತು, ಎರಡನೆಯ ದಿನ ಕೈಯ ಹೊಲಿಗೆ ನಿಂತಿತು. ಉಸಿರು ನಿಂತದ್ದು ಆಮೇಲೆ, ಬೆಳಿಗ್ಗೆ ಎಂಟರ ಸುಮಾರಿಗೆ, ಆ ದಿನದ ಪಟ್ಟಿಯ ಮೊದಲನೆಯವರನ್ನು ಒಳಗೆ ಕರೆಯುವ ಹೊತ್ತಿಗೆ.

ಹತ್ತು ದಿನ ಕಳೆದು ತಂಗಿ ಕೆಲಸಕ್ಕೆ ಹೋದಳು. ಹೋಗದೆ ಮನೆಯಲ್ಲಿ ಕೂತರೆ ಎದುರಿಗೆ ಮೆಷಿನ್ನು. ಓಣಿಯವರು ದಾರಿಯುದ್ದಕ್ಕೂ ನಿಲ್ಲಿಸಿ ಮಾತಾಡಿಸಿದರು. ಆ ನಿದ್ದೆ ಡಾಕ್ಟರೇ ಕೊಂದದ್ದಂತೆ, ನೀನು ಕೊರಳಪಟ್ಟಿ ಹಿಡಿದು ಕೇಳಿದೆಯಂತೆ, ಒಳ್ಳೇ ಕೆಲಸ ಮಾಡಿದೆ ಎಂದು ಬೆನ್ನು ತಟ್ಟಿದರು. ಅಲ್ಲ ಎಂದು ಹೇಳಲು ಅವಳು ನಿಂತಳು. ಹೇಳದೆ ಮುಂದೆ ನಡೆದಳು.

ಲಾಂಡ್ರಿಯ ಮೂಲೆಯಲ್ಲಿ ಆ ಆಸ್ಪತ್ರೆಯ ಹಳದಿ ಚೀಲಗಳು ಒಂದರ ಮೇಲೊಂದು ಬಿದ್ದಿದ್ದವು. ಎರಡರಲ್ಲಿ ಒಂದು ಡ್ರಮ್ಮು ಕೆಟ್ಟು, ಹತ್ತು ದಿನದಿಂದ ಕೊನೆಯ ಸರದಿಯೇ ಬಂದಿರಲಿಲ್ಲವಂತೆ. ಅವಳು ಒಂದೊಂದರ ಚೀಟಿ ಓದುತ್ತಾ ಬಂದಳು. ಅಡಿಯ ಚೀಲದ ಮೇಲೆ ಗಾಜಿನ ಬಾಗಿಲಿನ ಕೋಣೆಯ ಸಂಖ್ಯೆ, ಅಕ್ಕನ ಮಂಚದ ಸಂಖ್ಯೆ, ಅಕ್ಕ ಹೋದ ಬೆಳಗಿನ ತಾರೀಖು. ಎತ್ತಿಕೊಂಡು ಹೋಗಿ, ಆಗ ತಾನೇ ಬಿಸಿನೀರು ತುಂಬಿದ್ದ ಮೊದಲ ಡ್ರಮ್ಮಿನ ಬಾಗಿಲು ತೆರೆದಳು.

“ಏಯ್ ಏಯ್, ಏನ್ಮಾಡ್ತಿದ್ದೀಯ?” ಮೇಸ್ತ್ರಿ ಆ ತುದಿಯಿಂದ ಓಡಿಬಂದ. “ಹತ್ತು ದಿನಕ್ಕೇ ಕೆಲಸ ಮರೆತುಹೋಯ್ತಾ? ಹದಿನಾರು ವರ್ಷದವಳು ನೀನೇ ಹಿಂಗೆ ಮಾಡಿದ್ರೆ ಹೊಸಬರಿಗೆ ಏನು ಹೇಳ್ಲಿ? ಗೋಡೆ ಮೇಲೆ ಬರೆದಿರೋದು ಕಾಣ್ಸಲ್ವಾ?”

ಕಾಣಿಸಿತು. ಅವಳು ಚೀಲವನ್ನು ಎದೆಗೆ ಆನಿಸಿಕೊಂಡಳು. ಆಮೇಲೆ ಅದನ್ನು ಮೂಲೆಗೆ ತಂದು ಇಳಿಸಿ, ಹೋಗಿ ಬಿಳಿ ಚೀಲದ ಬಟ್ಟೆಗಳನ್ನು ಡ್ರಮ್ಮಿಗೆ ತುಂಬಿದಳು. ಮೊದಲು ಬಿಳಿ ಚೀಲಗಳು ಮುಗಿಯಬೇಕು. ನಾಲ್ಕಕ್ಕೆ ಇನ್ನೂ ಏಳು ಗಂಟೆ ಇತ್ತು.